ಮನೆ ಕ್ಲೀನಿಂಗ್ ಕೆಲಸಕ್ಕೆ ದರ ಹಾಕುವ ಲೆಕ್ಕ

ಫೋನ್ ಎತ್ತಿದ ತಕ್ಷಣ ಬರುವ ಪ್ರಶ್ನೆ ಒಂದೇ: "ಟೂ ಬಿಎಚ್‌ಕೆ ಡೀಪ್ ಕ್ಲೀನಿಂಗ್‌ಗೆ ಎಷ್ಟಾಗುತ್ತೆ?" ಅಲ್ಲೇ ಒಂದು ಅಂಕಿ ಹೇಳಿಬಿಟ್ಟರೆ ಅರ್ಧ ಲಾಭ ಅಲ್ಲೇ ಕೈಬಿಟ್ಟಂತೆ. ಒಂದೇ ಅಪಾರ್ಟ್‌ಮೆಂಟಿನ, ಒಂದೇ ಅಳತೆಯ ಎರಡು ಮನೆಗಳಲ್ಲಿ ಒಂದು ಹನ್ನೆರಡು ಗಂಟೆಯ ಕೆಲಸ ಕೇಳಬಹುದು, ಇನ್ನೊಂದು ಇಪ್ಪತ್ತು. ಬಿಎಚ್‌ಕೆ ಅನ್ನುವುದು ಕೋಣೆಗಳ ಎಣಿಕೆ. ನೀವು ಮಾರುವುದು ಕೆಲಸಗಾರರ ಗಂಟೆ. ದರ ಹುಟ್ಟಬೇಕಾದದ್ದೂ ಅಲ್ಲಿಂದಲೇ.

ಕೆಳಗಿನ ಲೆಕ್ಕ ಬೆಂಗಳೂರಿನಲ್ಲಿ ಇಬ್ಬಿಬ್ಬರ ಎರಡು ತಂಡ ಇಟ್ಟುಕೊಂಡ ಸಣ್ಣ ವ್ಯವಹಾರದ್ದು. ರೂಪಾಯಿಗಳು ಮಾದರಿಗೆ ಮಾತ್ರ. ನಿಮ್ಮ ಊರಿನ ಸಂಬಳ, ಬಾಡಿಗೆ, ಆಟೊ ಖರ್ಚು ಹಾಕಿಕೊಳ್ಳಿ, ಲೆಕ್ಕದ ಕ್ರಮವನ್ನು ಮಾತ್ರ ಹೀಗೇ ಇಟ್ಟುಕೊಳ್ಳಿ.

ಒಂದು ಗಂಟೆ ನಿಜವಾಗಿ ಎಷ್ಟಕ್ಕೆ ಬೀಳುತ್ತದೆ

ತಿಂಗಳಿಗೆ ₹20,000 ಸಂಬಳದ ಒಬ್ಬ ಕೆಲಸಗಾರರನ್ನು ತೆಗೆದುಕೊಳ್ಳಿ. 26 ದಿನಕ್ಕೆ ಭಾಗಿಸಿ, ಮತ್ತೆ 8 ಗಂಟೆಗೆ ಭಾಗಿಸಿದರೆ ₹96 ಬರುತ್ತದೆ. ಹೊಸದಾಗಿ ಶುರು ಮಾಡಿದವರು ಬಹುತೇಕ ಎಲ್ಲರೂ ಈ ಅಂಕಿ ಹಿಡಿದೇ ದರ ಹೇಳುತ್ತಾರೆ, ಆರು ತಿಂಗಳಾದ ಮೇಲೆ ದುಡ್ಡೆಲ್ಲಿ ಹೋಯಿತೆಂದು ತಲೆ ಕೆರೆದುಕೊಳ್ಳುತ್ತಾರೆ.

ಎಡವಿದ್ದು ಎರಡು ಕಡೆ. ಮೊದಲನೆಯದು, ಸಂಬಳ ಕೊಡುವುದು 26 ದಿನಕ್ಕಾದರೂ ಗಿರಾಕಿಯಿಂದ ದುಡ್ಡು ಬರುವುದು ಅಷ್ಟೂ ದಿನ ಅಲ್ಲ. ಕೊನೇ ಗಳಿಗೆಯಲ್ಲಿ ರದ್ದಾದ ಬುಕಿಂಗ್, ಹಬ್ಬದ ರಜೆ, ಜ್ವರ, ಬುಕಿಂಗೇ ಇಲ್ಲದ ಮಂಗಳವಾರ ಇವನ್ನೆಲ್ಲ ಕಳೆದರೆ ತಿಂಗಳಿಗೆ 20 ದಿನ ಸಿಕ್ಕಿದರೆ ಚೆನ್ನಾಗಿ ನಡೆಯುತ್ತಿದೆ ಎಂದೇ ಅರ್ಥ. ಆ ದಿನಗಳಲ್ಲೂ ಬೆಳಿಗ್ಗೆ ಒಂಬತ್ತೂವರೆಗೆ ಮನೆ ಮುಟ್ಟಿ, ಐದೂವರೆಗೆ ಬಿಟ್ಟು, ನಡುವೆ ಅರ್ಧ ಗಂಟೆ ಊಟಕ್ಕೆ ತೆಗೆದರೆ ಕೈಗೆ ಸಿಗುವುದು ಏಳೂವರೆ ಗಂಟೆ. 20 ದಿನಕ್ಕೆ 150 ಗಂಟೆ.

ಎರಡನೆಯದು, ಸಂಬಳವೊಂದೇ ಖರ್ಚಲ್ಲ. ದೀಪಾವಳಿಗೋ ಯುಗಾದಿಗೋ ಒಂದು ತಿಂಗಳ ಸಂಬಳ ಬೋನಸ್ ಕೊಡುವುದಾದರೆ ತಿಂಗಳಿಗೆ ₹1,667 ಎತ್ತಿಡಬೇಕು. ತಿಂಡಿ-ಕಾಫಿಗೆ ದಿನಕ್ಕೆ ₹50 ಅಂದರೂ ₹1,000. ಗ್ಲೌಸ್, ಸಮವಸ್ತ್ರ, ಜಾರದ ಚಪ್ಪಲಿಗೆ ₹333. ಒಟ್ಟು ₹23,000. ಅದನ್ನು 150ರಿಂದ ಭಾಗಿಸಿದರೆ ₹153, ಅಂದರೆ ₹155 ಎಂದಿಟ್ಟುಕೊಳ್ಳಿ. ₹96 ಎಲ್ಲಿ, ₹155 ಎಲ್ಲಿ!

ಹತ್ತು ಜನ ಆದರೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ವಿಮೆ, ಬರುತ್ತದೆ. ತಿಂಗಳಿಗೆ ₹21,000ವರೆಗಿನ ಸಂಬಳದವರಿಗೆ ಮಾಲೀಕರ ಪಾಲು 3.25%, ಕೆಲಸಗಾರರ ಪಾಲು 0.75%. ಇಪ್ಪತ್ತು ಜನ ಆದರೆ ಪಿಎಫ್ ಕೂಡ. ಹತ್ತನೆಯವರನ್ನು ಸೇರಿಸಿಕೊಳ್ಳುವ ಮುಂಚೆ ಗಂಟೆಯ ದರವನ್ನು ಮತ್ತೊಮ್ಮೆ ಹಾಕಿ ನೋಡಿ.

ನೀವೇ ಪೊರಕೆ ಹಿಡಿಯುವವರಾದರೆ ನಿಮ್ಮ ಹೆಸರಿಗೂ ಇದೇ ಗಂಟೆ ದರ ಬರೆಯಿರಿ. "ನನ್ನ ಕೆಲಸಕ್ಕೇನು ದುಡ್ಡು" ಎಂದು ದರ ಇಳಿಸಿ ಗಿರಾಕಿ ಹಿಡಿದವರಿಗೆ ಮುಂದೆ ತಮ್ಮ ಜಾಗಕ್ಕೆ ಇನ್ನೊಬ್ಬರನ್ನು ಕಳಿಸಲು ಆಗುವುದೇ ಇಲ್ಲ, ಏಕೆಂದರೆ ಅವರಿಗೆ ಕೊಡಬೇಕಾದ ಸಂಬಳ ದರದಲ್ಲಿ ಇರುವುದೇ ಇಲ್ಲ.

ಇನ್ನು ಕಚೇರಿ ಖರ್ಚು. ನಿಮ್ಮ ಸಂಬಳ ₹25,000, ಸಾಮಾನು ಇಡುವ ಕೋಣೆಗೆ ₹6,000, ಜಾಹೀರಾತಿಗೆ ₹8,000, ಫೋನು-ಲೆಕ್ಕಪತ್ರಕ್ಕೆ ₹3,000 ಎಂದರೆ ತಿಂಗಳಿಗೆ ₹42,000. ನಾಲ್ಕು ಜನರ ಒಟ್ಟು 600 ಗಂಟೆಗೆ ಹಂಚಿದರೆ ಗಂಟೆಗೆ ₹70. ಅಲ್ಲಿಗೆ ಒಬ್ಬರ ಒಂದು ಗಂಟೆ ನಿಮಗೆ ₹225ಕ್ಕೆ ಬಿದ್ದಂತೆ, ಇನ್ನೂ ಒಂದು ಹನಿ ಲಿಕ್ವಿಡ್ ಚೆಲ್ಲುವ ಮೊದಲೇ.

ಮನೆ ನೋಡದೆ ದರ ಹೇಳಬೇಡಿ

ಹೋಗಿ ನೋಡಲು ಆಗದಿದ್ದರೆ ವಿಡಿಯೊ ಕಾಲ್ ಸಾಕು. ಆದರೆ ಕ್ಯಾಮೆರಾವನ್ನು ಎಲ್ಲಿಗೆ ಹಿಡಿಯಬೇಕೆಂದು ನೀವೇ ಹೇಳಿ. ಗಿರಾಕಿಯ ಕೈಗೆ ಬಿಟ್ಟರೆ ಹಾಲ್ ತೋರಿಸುತ್ತಾರೆ. ಹಾಲ್ ಯಾರ ಮನೆಯಲ್ಲೂ ಸಮಯ ತಿನ್ನುವ ಜಾಗವಲ್ಲ.

ಅಳತೆ ಕೇಳುವಾಗ ಎಚ್ಚರ ಬೇಕು. "ಹದಿನಾಲ್ಕು ಚದರ" ಎಂದರೆ 1,400 ಚದರ ಅಡಿ. ಅಪಾರ್ಟ್‌ಮೆಂಟಿನವರು ಹೇಳುವ ಅಂಕಿ ಹೆಚ್ಚಾಗಿ ಸೂಪರ್ ಬಿಲ್ಟ್‌ಅಪ್, ಅದರಲ್ಲಿ ಲಿಫ್ಟು, ಮೆಟ್ಟಿಲು, ಲಾಬಿಯ ಪಾಲೂ ಸೇರಿರುತ್ತದೆ. ಒಳಗೆ ಒರೆಸಬೇಕಾದ ನೆಲ ಸಾವಿರ ಅಡಿಯ ಆಚೀಚೆ ಇದ್ದೀತು. ಅದೇ ಥರ್ಟಿ-ಫಾರ್ಟಿ ಸೈಟಿನ ಸ್ವಂತ ಮನೆಯವರು "ಸೈಟು ಸಾವಿರದಿನ್ನೂರು" ಎನ್ನುತ್ತಾರೆ, ಹೋಗಿ ನೋಡಿದರೆ ಡ್ಯೂಪ್ಲೆಕ್ಸ್, ಒಳಮೆಟ್ಟಿಲು, ಮೇಲೆ ಟೆರೇಸು. ಒಂದು ಕಡೆ ಹೆಚ್ಚು ಕೇಳಿ ಕೆಲಸ ತಪ್ಪುತ್ತದೆ, ಇನ್ನೊಂದು ಕಡೆ ಕಡಿಮೆ ಕೇಳಿ ಕೈ ಸುಟ್ಟುಕೊಳ್ಳುತ್ತೀರಿ. ಚದರಡಿ ದರ ಸರಿಹೋಗುವುದು ಖಾಲಿ ಕಚೇರಿಗೆ ಮತ್ತು ಕಟ್ಟಿ ಮುಗಿದ ಹೊಸ ಕಟ್ಟಡಕ್ಕೆ. ಸಂಸಾರ ನಡೆದ ಮನೆಗೆ ಅದು ಒಗ್ಗುವುದಿಲ್ಲ.

ನೋಡಬೇಕಾದ ಮೊದಲ ಜಾಗ ಅಡುಗೆಮನೆ. ಒಲೆಯ ಮೇಲಿನ ಟೈಲ್ಸ್, ಮೇಲಿನ ಕಪಾಟಿನ ತಳಭಾಗ, ಎಕ್ಸಾಸ್ಟ್ ಫ್ಯಾನಿನ ರೆಕ್ಕೆ ಈ ಮೂರನ್ನು ಬೆರಳಿನಿಂದ ಉಜ್ಜಿ ನೋಡಿ, ಇಲ್ಲವೇ ಉಜ್ಜಿ ತೋರಿಸಲು ಹೇಳಿ. ಬೆರಳು ಜಾರಿದರೆ ಹೊಸ ಜಿಡ್ಡು, ಡಿಗ್ರೀಸರ್ ಹಚ್ಚಿ ಹತ್ತು ನಿಮಿಷ ಬಿಟ್ಟರೆ ಬಿಡುತ್ತದೆ. ಬೆರಳು ಅಂಟಿದರೆ ವರ್ಷಗಟ್ಟಲೆಯ ಒಗ್ಗರಣೆ ಹೊಗೆ ಧೂಳಿನ ಜೊತೆ ಸೇರಿ ಗಟ್ಟಿಯಾಗಿದೆ ಎಂದು ತಿಳಿಯಿರಿ. ಎರಡು-ಮೂರು ಸುತ್ತು ಹಚ್ಚಿ ಕೆರೆಯಬೇಕು, ಸಮಯ ದುಪ್ಪಟ್ಟು. ಚಿಮಣಿ ಇದ್ದರೆ ಫಿಲ್ಟರ್ ಯಾವುದೆಂದು ಕೇಳಿ. ಬಾಗಿದ ಪಟ್ಟಿಗಳಿರುವ ಬ್ಯಾಫಲ್ ಫಿಲ್ಟರ್ ಸಾಮಾನ್ಯವಾಗಿ ಸ್ಟೀಲಿನದು. ಜಾಲರಿಯಂಥದ್ದು ಅಲ್ಯೂಮಿನಿಯಂ ಆಗಿದ್ದು, ಕಾಸ್ಟಿಕ್ ಸೋಡಾದ ಬಿಸಿನೀರಿನಲ್ಲಿ ಅದ್ದಿದರೆ ಕಪ್ಪಾಗಿ ಹೊಸದರ ದುಡ್ಡು ನಿಮ್ಮ ತಲೆಗೆ ಬರುತ್ತದೆ.

ಎರಡನೆಯದು ಬಾತ್‌ರೂಮ್. ಇಲ್ಲಿ ಕೇಳಬೇಕಾದ ಪ್ರಶ್ನೆ "ಎಷ್ಟು ಬಾತ್‌ರೂಮ್" ಎಂಬುದಕ್ಕಿಂತ "ಯಾವ ನೀರು" ಎಂಬುದು. ಕಾವೇರಿ ನೀರಿನ ಮನೆಯ ಬಾತ್‌ರೂಮ್ 60ರಿಂದ 75 ನಿಮಿಷದಲ್ಲಿ ಮುಗಿಯುತ್ತದೆ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಾದರೆ ನಲ್ಲಿಯ ಬುಡ, ಶವರ್, ಗಾಜಿನ ಪಾರ್ಟಿಶನ್ ಮೇಲೆ ಬಿಳಿ ಉಪ್ಪು ಕಟ್ಟಿರುತ್ತದೆ, 100 ನಿಮಿಷ ಹಿಡಿಯಿರಿ. ಗಾಜಿನ ಮೇಲಿನ ಕಲೆ ಎಷ್ಟೋ ವೇಳೆ ಗಾಜನ್ನೇ ತಿಂದಿರುತ್ತದೆ. ಅಂಥದ್ದು ಏನು ಮಾಡಿದರೂ ಹೋಗದು. ದರ ಹೇಳುವಾಗಲೇ ಇದನ್ನೂ ಹೇಳಿಬಿಡಿ, ಕೆಲಸ ಮುಗಿದ ಮೇಲೆ ಹೇಳಿದರೆ ನೆಪ ಎನಿಸುತ್ತದೆ. ಉಪ್ಪಿನ ಕಲೆಗೆಂದು ಅಗ್ಗದ ಆ್ಯಸಿಡ್ ಸುರಿಯುವ ಅಭ್ಯಾಸ ಬಿಡಿಸಿ. ಅದು ನಲ್ಲಿಯ ಕ್ರೋಮ್ ಹೊಳಪನ್ನೂ ಟೈಲ್ಸ್ ನಡುವಿನ ಗ್ರೌಟನ್ನೂ ತಿನ್ನುತ್ತದೆ, ಹೊಸ್ತಿಲು ಮಾರ್ಬಲ್ ಆಗಿದ್ದರೆ ಒಂದು ಹನಿಗೇ ಮಂಕಾಗುತ್ತದೆ. ಬ್ಲೀಚ್ ಹಾಕಿದ ಜಾಗಕ್ಕೆ ಆ್ಯಸಿಡ್ ಬಿದ್ದರೆ ಏಳುವ ಕ್ಲೋರಿನ್ ಮುಚ್ಚಿದ ಬಾತ್‌ರೂಮಿನಲ್ಲಿ ಉಸಿರಿಗೇ ಕುತ್ತು.

ಮೂರನೆಯದು ಕಿಟಕಿ. ಮೂರು ಟ್ರ್ಯಾಕಿನ ಸ್ಲೈಡಿಂಗ್ ಕಿಟಕಿಯನ್ನು ಸೊಳ್ಳೆ ಜಾಲರಿ ಸಮೇತ ಬಿಚ್ಚಿ ತೊಳೆದು ಸೇರಿಸಲು 20 ನಿಮಿಷ ಬೇಕು. ಒಂದು ಟೂ ಬಿಎಚ್‌ಕೆಯಲ್ಲಿ ಐದಿದ್ದರೆ ಅದೇ 100 ನಿಮಿಷ. ಇದನ್ನು ಎಣಿಸದೆ ದರ ಹೇಳುವವರೇ ಜಾಸ್ತಿ. ಮೇಲಿನ ಮಹಡಿಗಳ ಹೊರಗಾಜನ್ನು ಒಳಗಿನಿಂದ ಕೈಗೆಟುಕುವಷ್ಟೇ ಒರೆಸುತ್ತೇವೆ ಎಂದು ಮೊದಲೇ ಬರೆದು ಕೊಡಿ. ಸಜ್ಜಾ ಮೇಲೆ ನಿಂತು ಒರೆಸಲು ಯಾವ ದರವೂ ಸಾಲದು.

ಉಳಿದದ್ದನ್ನು ಬೇಗ ಮುಗಿಸಬಹುದು. ನೆಲ ಯಾವುದು? ವಿಟ್ರಿಫೈಡ್, ಗ್ರಾನೈಟ್ ಆದರೆ ಚಿಂತೆಯಿಲ್ಲ, ಇಟಾಲಿಯನ್ ಮಾರ್ಬಲ್ ಅಥವಾ ಹಳೇ ರೆಡ್ ಆಕ್ಸೈಡ್ ಆದರೆ ಲಿಕ್ವಿಡ್, ಪ್ಯಾಡ್ ಎರಡೂ ಬೇರೆ. ಅಟ್ಟ ಖಾಲಿಯೋ, ಸಾಮಾನು ತುಂಬಿದೆಯೋ? ಪೇಂಟಿಂಗ್ ಈಗಷ್ಟೇ ಆಗಿದೆಯೇ? ಆಗಿದ್ದರೆ ಪೇಂಟ್ ಹನಿ ಕೆರೆಯುವುದೇ ಅರ್ಧ ದಿನ. ಮನೆಯಲ್ಲಿ ಜನ ಇದ್ದಾರೆಯೇ? ವಾಸವಿರುವ ಮನೆ ಸ್ವಚ್ಛವಾಗಿ ಕಂಡರೂ ಖಾಲಿ ಮನೆಗಿಂತ 20–30% ಹೆಚ್ಚು ಸಮಯ ಕೇಳುತ್ತದೆ, ಏಕೆಂದರೆ ಪ್ರತಿ ಡಬ್ಬಿಯನ್ನೂ ಎತ್ತಿ, ಒರೆಸಿ, ಇದ್ದಲ್ಲೇ ಇಡಬೇಕು. ದೇವರಮನೆಯನ್ನು ಕೆಲವರು ತಾವೇ ಮಾಡಿಕೊಳ್ಳುತ್ತಾರೆ, ಕೇಳಿಕೊಂಡರೆ ಒಳ್ಳೆಯದು. ಕರಾವಳಿಯಲ್ಲಾದರೆ ಮಳೆಗಾಲದ ಬೂಷ್ಟು ಮತ್ತು ಅಂಗಳದ ಪಾಚಿಗೆ ಬೇರೆ ಸಾಲು ಬೇಕು.

ಕೊನೆಗೆ ಗೇಟು. ಮೈಗೇಟ್‌ನಂಥ ಆ್ಯಪಿನಲ್ಲಿ ಗಿರಾಕಿ ಮೊದಲೇ ಅನುಮತಿ ಹಾಕದಿದ್ದರೆ ಸೆಕ್ಯೂರಿಟಿ ಬಳಿ ಅರ್ಧ ಗಂಟೆ ಕಾಯಬೇಕು. ಇಬ್ಬರ ಅರ್ಧ ಗಂಟೆ ಅಂದರೆ ₹225. ಸರ್ವಿಸ್ ಲಿಫ್ಟ್ ಇದೆಯೇ, ಕೆಲಸದ ಸಮಯ ಎಷ್ಟರಿಂದ ಎಷ್ಟರವರೆಗೆ, ಆ ದಿನ ನೀರು-ಕರೆಂಟ್ ಇರುತ್ತದೆಯೇ ಎಂಬುದನ್ನು ಹಿಂದಿನ ಸಂಜೆ ಮತ್ತೆ ಕೇಳಿ.

ಒಂದು ಮನೆಯ ಪೂರ್ತಿ ಲೆಕ್ಕ

ಖಾಲಿ ಮಾಡಿದ ಟೂ ಬಿಎಚ್‌ಕೆ, ಎರಡು ಬಾತ್‌ರೂಮ್, ಐದು ಕಿಟಕಿ, ಎರಡು ಬಾಲ್ಕನಿ, ಕಾವೇರಿ ನೀರು, ಸಾಧಾರಣ ಕೊಳೆ. ಒಬ್ಬರೇ ಮಾಡಿದರೆ ಎಷ್ಟು ನಿಮಿಷ ಎಂದು ಬರೆದುಕೊಳ್ಳಿ:

ಅಡುಗೆಮನೆ, ಕಪಾಟುಗಳ ಒಳ-ಹೊರಗೆ: 180
ಬಾತ್‌ರೂಮ್ ಎರಡು: 150
ಬೆಡ್‌ರೂಮ್ ಎರಡು, ಫ್ಯಾನು, ವಾರ್ಡ್‌ರೋಬ್, ಸ್ವಿಚ್‌ಬೋರ್ಡ್ ಸಮೇತ: 120
ಹಾಲ್: 75
ಕಿಟಕಿ ಐದು: 100
ಬಾಲ್ಕನಿ ಎರಡು: 50
ಮೆಷಿನ್ನಿನಿಂದ ನೆಲ ಉಜ್ಜಿ, ನೀರು ಎಳೆದು ಒರೆಸುವುದು: 90
ಸಾಮಾನು ಇಳಿಸಿ ಜೋಡಿಸಿ, ಕೊನೆಗೆ ಗಿರಾಕಿಗೆ ತೋರಿಸುವುದು: 60

ಒಟ್ಟು 825 ನಿಮಿಷ, ಹದಿಮೂರು ಮುಕ್ಕಾಲು ಗಂಟೆ. ಎಡವಟ್ಟುಗಳಿಗೆಂದು 10% ಸೇರಿಸಿದರೆ 15 ಗಂಟೆ. ಇಬ್ಬರ ತಂಡಕ್ಕೆ ಸರಿಯಾಗಿ ಒಂದು ದಿನ.

ಇಲ್ಲಿ ಒಂದು ಸೂಕ್ಷ್ಮ ಇದೆ. ಲೆಕ್ಕ 15ರ ಬದಲು 17 ಗಂಟೆ ಬಂದರೆ ಖರ್ಚು ಬರೀ ಎರಡು ಗಂಟೆಯಷ್ಟೇ ಏರುವುದಿಲ್ಲ. ತಂಡ ಸಂಜೆ ಆರೂವರೆವರೆಗೆ ನಿಲ್ಲಬೇಕು, ಹೆಚ್ಚುವರಿ ದುಡಿಮೆಗೆ ಎರಡರಷ್ಟು ಕೂಲಿ ಕೊಡಬೇಕು, ಅಪಾರ್ಟ್‌ಮೆಂಟಿನವರು ಆರಕ್ಕೆ ಹೊರಗೆ ಹಾಕಿದರೆ ಮರುದಿನ ಮತ್ತೆ ಬರಬೇಕು. ಹಾಗೆಯೇ 11 ಗಂಟೆಯ ಕೆಲಸ ಬಂದಾಗ ಉಳಿದ ನಾಲ್ಕು ಗಂಟೆಯನ್ನು ಯಾರೂ ಕೊಳ್ಳದಿದ್ದರೆ ಅದೂ ನಿಮ್ಮದೇ ಖರ್ಚು. ಆದ್ದರಿಂದ ದರವನ್ನು ಅರ್ಧ ದಿನ, ಒಂದು ದಿನ, ಒಂದೂವರೆ ದಿನ ಎಂಬ ಕಟ್ಟುಗಳಿಗೆ ಹೊಂದಿಸಿ. 17 ಗಂಟೆ ಬಂದರೆ ಮೂರನೆಯವರನ್ನು ಅರ್ಧ ದಿನಕ್ಕೆ ಕಳಿಸುವಂತೆ ದರ ಹಾಕಿ, ಇಲ್ಲವೇ ಗಿರಾಕಿಯ ಒಪ್ಪಿಗೆ ಪಡೆದು ಬಾಲ್ಕನಿ ಬಿಟ್ಟು 15ಕ್ಕೆ ತನ್ನಿ.

ಈಗ ರೂಪಾಯಿ. ಕೆಲಸಗಾರರಿಗೆ 15 × 155 = ₹2,325. ಸಾಗಾಟಕ್ಕೆ ₹500. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ನಿಜ, ಆದರೆ ನೆಲ ಉಜ್ಜುವ ಮೆಷಿನ್ನು, ವ್ಯಾಕ್ಯೂಮ್, ಆರಡಿ ಏಣಿಯನ್ನು ಬಸ್ಸಿನಲ್ಲಿ ಒಯ್ಯಲಾಗದು, ಲಗೇಜ್ ಆಟೊ ಬೇಕೇ ಬೇಕು. ಲಿಕ್ವಿಡ್‌ಗಳಿಗೆ ₹350. ಇಲ್ಲಿ ಉಳಿಸುವ ದಾರಿ ಅಗ್ಗದ ಫಿನಾಯಿಲ್ ಕೊಳ್ಳುವುದರಲ್ಲಿಲ್ಲ, ಐದು ಲೀಟರಿನ ಕಾನ್ಸಂಟ್ರೇಟ್ ತಂದು ಅಳತೆ ಕಪ್ಪಿನಲ್ಲಿ ಬೆರೆಸುವುದರಲ್ಲಿದೆ. ಕೈಯಳತೆಯಲ್ಲಿ ಜಾಸ್ತಿ ಸುರಿದರೆ ದುಡ್ಡು ಹೋಗುವುದು ಒಂದು ಕಡೆ, ನೆಲದ ಮೇಲೆ ಅಂಟು ಪದರ ಉಳಿದು ಎರಡನೇ ಸಲ ಒರೆಸುವ ಗಂಟೆ ಇನ್ನೊಂದು ಕಡೆ.

ಮೆಷಿನ್ನು, ಏಣಿ, ಬಕೆಟ್ಟುಗಳಿಗೆ ತಂಡಕ್ಕೆ ₹60,000 ಹಾಕಿದ್ದರೆ ಎರಡು ವರ್ಷ, ತಿಂಗಳಿಗೆ 20ರಂತೆ 480 ಮನೆಗೆ ಹಂಚಿ: ₹125. ಪ್ಯಾಡ್, ಮೈಕ್ರೋಫೈಬರ್ ಬಟ್ಟೆ, ರಿಪೇರಿಗೆ ₹50. ಒಟ್ಟು ₹175. ಕಚೇರಿ ಖರ್ಚು 15 × 70 = ₹1,050.

ಕೂಡಿದರೆ ₹4,400. ಒಡೆದ ಸೋಪ್ ಸ್ಟ್ಯಾಂಡು, ಮತ್ತೊಮ್ಮೆ ಹೋಗಿ ಮಾಡಿಕೊಡುವ ಕಿಟಕಿ, ಇವಕ್ಕೆ 3% ಅಂದರೆ ₹132. ಅಸಲು ₹4,532.

ಲಾಭ ಸೇರಿಸುವಾಗ ಆಗುವ ತಪ್ಪು

"ನನಗೆ ಇಪ್ಪತ್ತು ಪರ್ಸೆಂಟ್ ಲಾಭ ಬೇಕು" ಎಂದು 4,532ಕ್ಕೆ ಅದರ 20% ಸೇರಿಸಿದರೆ ₹5,438 ಆಗುತ್ತದೆ. ಇದರಲ್ಲಿ ಲಾಭ ₹906, ಗಿರಾಕಿ ಕೊಟ್ಟ ದುಡ್ಡಿನಲ್ಲಿ ಅದು ಸುಮಾರು 16.7% ಮಾತ್ರ. ಬಂದ ದುಡ್ಡಿನಲ್ಲಿ 20% ಉಳಿಯಬೇಕಾದರೆ ಅಸಲನ್ನು 0.80ರಿಂದ ಭಾಗಿಸಬೇಕು: ₹5,665. ವ್ಯತ್ಯಾಸ ಮನೆಯೊಂದಕ್ಕೆ ₹227. ತಿಂಗಳಿಗೆ ಎರಡು ತಂಡದ 40 ಮನೆ ಅಂದರೆ ₹9,000ಕ್ಕೂ ಮೇಲೆ, ಗೋಡೌನ್ ಬಾಡಿಗೆ ಕಟ್ಟಿ ಮಿಗುವಷ್ಟು.

₹5,665 ಅನ್ನು ₹5,700 ಮಾಡಿ ಹೇಳಿ. ಉಳಿಯುವುದು ₹1,168. ಈ ಅಂಕಿ ಬಾಯಿಪಾಠ ಇರಲಿ, ಚೌಕಾಸಿಯ ವೇಳೆಗೆ ಬೇಕಾಗುತ್ತದೆ. 10% ರಿಯಾಯಿತಿ ಎಂದರೆ ಕೇಳಲು ಚಿಕ್ಕದು, ಆದರೆ ಕೈಬಿಡುವುದು ₹570, ನಿಮ್ಮ ಲಾಭದ ಅರ್ಧ. ಯಾವುದೋ ಆ್ಯಪಿನ ಮೂಲಕ ಬಂದ ಕೆಲಸಕ್ಕೆ 25% ಕಮಿಷನ್ ಹೋಗುತ್ತದೆ ಎಂದುಕೊಳ್ಳಿ, ಕೈಗೆ ಬರುವುದು ₹4,275. ಆ ಕೆಲಸಕ್ಕೆ ಜಾಹೀರಾತು ಖರ್ಚು ₹200 ಬೇಕಾಗಲಿಲ್ಲ ಎಂದು ಕಳೆದರೂ ಅಸಲು ₹4,332. ಮನೆಯಿಡೀ ಉಜ್ಜಿ ಐವತ್ತೇಳು ರೂಪಾಯಿ ನಷ್ಟ. ಆ್ಯಪಿಗೆ ಬೇರೆಯೇ ದರಪಟ್ಟಿ ಬೇಕು, ಅಥವಾ ತಂಡ ಖಾಲಿ ಕೂರುವ ದಿನಗಳಿಗೆ ಮಾತ್ರ ಅದನ್ನು ಬಳಸಬೇಕು.

ಪಕ್ಕದವರು ₹3,500ಕ್ಕೆ ಮಾಡುತ್ತಾರಲ್ಲ? ಮಾಡುತ್ತಾರೆ. ಹೆಚ್ಚಿನ ಕಡೆ ಅವರ ಪಟ್ಟಿಯಲ್ಲಿ ಕಪಾಟಿನ ಒಳಭಾಗ, ಕಿಟಕಿ ಜಾಲರಿ, ಬಾಲ್ಕನಿ ಇರುವುದಿಲ್ಲ. ಇಲ್ಲವೇ ದಿನಗೂಲಿಗೆ ಸಿಕ್ಕವರನ್ನು ಕರೆತಂದು ಮಾಲೀಕರ ಸಂಬಳವನ್ನೇ ಎಣಿಸಿರುವುದಿಲ್ಲ. ಅವರ ದರವನ್ನು ತಿಳಿದಿರಿ, ಹಿಂಬಾಲಿಸಬೇಡಿ.

ಸಣ್ಣ ಕೆಲಸಕ್ಕೆ ಕನಿಷ್ಠ ದರ

"ಒಂದೇ ಒಂದು ಬಾತ್‌ರೂಮ್, ಬಂದು ಹೋಗಿ" ಎಂಬ ಕರೆಗೆ 75 ನಿಮಿಷದ ದುಡ್ಡು ತೆಗೆದುಕೊಂಡರೆ ಮುಳುಗುತ್ತೀರಿ. ಹೋಗಿ ಬರುವುದರಲ್ಲಿ ಅರ್ಧ ದಿನ ಮುಗಿದಿರುತ್ತದೆ. ಒಬ್ಬರ ಅರ್ಧ ದಿನ 3.75 ಗಂಟೆ × 225 = ₹844. ಸ್ಕೂಟರಿಗೆ ₹150, ಲಿಕ್ವಿಡ್‌ಗೆ ₹80. ಒಟ್ಟು ₹1,074, ಅದನ್ನು 0.80ರಿಂದ ಭಾಗಿಸಿದರೆ ₹1,342. ಕನಿಷ್ಠ ದರ ₹1,350 ಎಂದು ಕಟ್ಟುನಿಟ್ಟಾಗಿ ಇಟ್ಟುಕೊಳ್ಳಿ.

ಇದನ್ನು ಹೇಳುವ ಜಾಣ್ಮೆ ಬೇರೆ. 3.75 ಗಂಟೆ ಅಂದರೆ 225 ನಿಮಿಷ, ಸರಿಯಾಗಿ ಮೂರು ಬಾತ್‌ರೂಮಿನ ಕೆಲಸ. "ಒಂದಕ್ಕೂ ₹1,350, ಮೂರಕ್ಕೂ ₹1,350" ಎಂದರೆ ಗಿರಾಕಿ ತಾನೇ ಪಕ್ಕದ ಮನೆಯವರನ್ನು ಜೊತೆ ಮಾಡಿಕೊಳ್ಳುತ್ತಾರೆ. ಒಂದೇ ಅಪಾರ್ಟ್‌ಮೆಂಟಿನಲ್ಲಿ ಒಂದೇ ದಿನ ಎರಡು-ಮೂರು ಬುಕಿಂಗ್ ಬಂದರೆ ರಿಯಾಯಿತಿ ಕೊಡುವುದು ನ್ಯಾಯ, ಆಟೊ ಖರ್ಚು ನಿಜವಾಗಿಯೂ ಉಳಿಯುತ್ತದೆ. ಖರ್ಚು ಉಳಿಯದ ಕಡೆ ರಿಯಾಯಿತಿ ಕೊಟ್ಟರೆ ಅದು ನಿಮ್ಮ ಜೇಬಿನಿಂದ ಹೋಗುತ್ತದೆ.

ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಬರುವ ಒಪ್ಪಂದಕ್ಕೂ ಇದೇ ಮಾತು. ಮೊದಲ ಭೇಟಿಗೆ ಪೂರ್ತಿ ದರ. ಎರಡನೆಯದರಿಂದ ಕೊಳೆ ಕಡಿಮೆ ಇರುವುದರಿಂದ ಗಂಟೆ ಕಡಿಮೆಯಾಗುತ್ತದೆ, ದರವೂ ಗಂಟೆಯ ಜೊತೆಗೇ ಇಳಿಯಲಿ. ಎರಡು ತಿಂಗಳು ತಪ್ಪಿಸಿ ಮತ್ತೆ ಕರೆದರೆ ಅದು ಮೊದಲ ಭೇಟಿಯೇ.

ಸಂಪ್, ಓವರ್‌ಹೆಡ್ ಟ್ಯಾಂಕ್ ಕೆಲಸವನ್ನು "ಇದೂ ಸೇರಿಸಿ ಮಾಡಿಕೊಡಿ" ಎಂದರೆ ಒಪ್ಪಬೇಡಿ. ಮುಚ್ಚಿದ ಸಂಪಿನೊಳಗೆ ಗಾಳಿ ಕೆಟ್ಟಿರಬಹುದು, ಅದು ಬೇರೆ ತರಬೇತಿ, ಬೇರೆ ಸಲಕರಣೆ, ಬೇರೆ ದರ. ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಎಷ್ಟು ಕೊಟ್ಟರೂ ಬೇಡ.

ಜಿಎಸ್‌ಟಿ ಯಾವಾಗ ಸೇರಿಸಬೇಕು

ಸೇವಾ ವ್ಯವಹಾರಕ್ಕೆ ಕರ್ನಾಟಕದಲ್ಲಿ ಮಿತಿ ಹಣಕಾಸು ವರ್ಷಕ್ಕೆ ₹20 ಲಕ್ಷದ ವಹಿವಾಟು. ಲಾಭವಲ್ಲ, ಒಟ್ಟು ಬಂದ ದುಡ್ಡು. ತಿಂಗಳಿಗೆ 40 ಮನೆ × ₹5,700 = ₹2.28 ಲಕ್ಷ, ಅಂದರೆ ಒಂಬತ್ತನೇ ತಿಂಗಳಲ್ಲೇ ಗೆರೆ ದಾಟುತ್ತೀರಿ. 2025ರ ಜುಲೈಯಲ್ಲಿ ಯುಪಿಐ ಜಮೆಯ ಲೆಕ್ಕ ಹಿಡಿದು ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್ ಬಂದದ್ದು ನೆನಪಿರಬಹುದು. ಕ್ಯೂಆರ್ ಕೋಡ್ ತೆಗೆದು ನಗದು ಕೇಳುವುದು ಪರಿಹಾರವಲ್ಲ, ನಗದೂ ವಹಿವಾಟೇ.

ಸ್ವಚ್ಛತಾ ಸೇವೆಗೆ ತೆರಿಗೆ 18%. ₹5,700ರ ಮೇಲೆ ₹1,026, ಗಿರಾಕಿ ಕೊಡುವುದು ₹6,726. ಕಂಪನಿ ಗಿರಾಕಿಯಾದರೆ ಅದನ್ನು ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದು, ತೆಗೆದುಕೊಳ್ಳಲು ಅವಕಾಶವಿದೆ, ಮನೆಯವರಿಗಿಲ್ಲ. ಅವರಿಗದು ಬರೀ ದರ ಏರಿಕೆ. ವರ್ಷಕ್ಕೆ ₹50 ಲಕ್ಷದವರೆಗಿನ ಸೇವಾ ವ್ಯವಹಾರಕ್ಕೆ ಕಾಂಪೊಸಿಷನ್ ಎಂಬ ದಾರಿ ಇದೆ: 6% ಕಟ್ಟಬೇಕು, ಅದನ್ನು ಬಿಲ್ಲಿನಲ್ಲಿ ಗಿರಾಕಿಯಿಂದ ವಸೂಲು ಮಾಡುವಂತಿಲ್ಲ, ಇನ್‌ಪುಟ್ ಕ್ರೆಡಿಟ್ಟೂ ಸಿಗದು. ₹5,700ರಲ್ಲಿ ₹342 ನಿಮ್ಮ ಲಾಭದಿಂದ ಹೋಗುತ್ತದೆ. ಗಿರಾಕಿಗಳೆಲ್ಲ ಮನೆಯವರೇ ಆಗಿದ್ದರೆ ಹೆಚ್ಚಾಗಿ ಇದೇ ವಾಸಿ, ಕಚೇರಿಗಳೇ ಹೆಚ್ಚಿದ್ದರೆ 18%. ಯಾವುದಾದರೂ ಸರಿ, ನೋಂದಣಿಯ ತಿಂಗಳಿಗೆ ಮೊದಲೇ ದರಪಟ್ಟಿ ತಿದ್ದಿಟ್ಟುಕೊಳ್ಳಿ. "ಹಳೇ ಗಿರಾಕಿ, ಈ ಸಲ ಜಿಎಸ್‌ಟಿ ಬೇಡ" ಎಂದು ಒಬ್ಬರಿಗೆ ಬಿಟ್ಟರೆ ಆ ತೆರಿಗೆಯನ್ನು ನೀವೇ ತುಂಬಬೇಕು.

ಹಬ್ಬ, ಆಷಾಢ, ತಿಂಗಳ ಕೊನೆ

ಯುಗಾದಿಗೆ ಮುಂಚಿನ ಎರಡು ವಾರ, ವರಮಹಾಲಕ್ಷ್ಮಿಯಿಂದ ಗೌರಿ-ಗಣೇಶದವರೆಗೆ, ಮತ್ತೆ ದಸರಾದಿಂದ ದೀಪಾವಳಿ. ಈ ದಿನಗಳಲ್ಲಿ ಎಲ್ಲರಿಗೂ ಒಂದೇ ವಾರ ಮನೆ ಹೊಳೆಯಬೇಕು. ದರ 15% ಏರಿಸಬಹುದು. ಅದಕ್ಕಿಂತ ಸಲೀಸಾದ ದಾರಿ ರಿಯಾಯಿತಿಗಳನ್ನೆಲ್ಲ ನಿಲ್ಲಿಸಿ, ಪೂರ್ತಿ ಮುಂಗಡ ಕೇಳುವುದು. ಹೊಸಬರನ್ನು ಎರಡು ವಾರಕ್ಕೆಂದು ತಂದು ತಂಡ ಹಿಗ್ಗಿಸಿದರೆ ಹೆಚ್ಚಾಗಿ ಬರುವುದು ಒಡೆದ ಗಾಜು ಮತ್ತು ಮಂಕಾದ ಮಾರ್ಬಲ್.

ಆಷಾಢದಲ್ಲಿ ಗೃಹಪ್ರವೇಶ ಇಲ್ಲ, ಮನೆ ಬದಲಿಸುವವರೂ ಕಮ್ಮಿ. ಪಿತೃಪಕ್ಷ, ಧನುರ್ಮಾಸದಲ್ಲೂ ಅಷ್ಟೇ. ಆಗ ದರ ಇಳಿಸಿ ಮನೆಗಳ ಹಿಂದೆ ಓಡುವುದಕ್ಕಿಂತ ಕಚೇರಿ, ಪಿಜಿ, ಸೋಫಾ ಶಾಂಪೂ ಕೆಲಸ ಹಿಡಿಯಿರಿ. ಅವು ಪಂಚಾಂಗ ನೋಡುವುದಿಲ್ಲ. ತಿಂಗಳ ಕೊನೆಯ ಮೂರು ದಿನ ಬಾಡಿಗೆ ಮನೆ ಖಾಲಿ ಮಾಡುವವರು ಮುಗಿಬೀಳುತ್ತಾರೆ. ವಾರಾಂತ್ಯವೂ ಬೇಗ ತುಂಬುತ್ತದೆ. ಮಂಗಳವಾರ-ಬುಧವಾರಕ್ಕೆ ₹300 ಕಡಿಮೆ ಎಂದರೆ ಅದು ಲೆಕ್ಕವುಳ್ಳ ರಿಯಾಯಿತಿ, ಖಾಲಿ ಕೂರುವ ದಿನ ತುಂಬುತ್ತದೆ.

ಚೌಕಾಸಿ ಮತ್ತು ಬರೆದು ಕೊಡುವುದು

"ಕಡೇ ರೇಟು ಹೇಳಿ" ಎಂದಾಗ ದರ ಮುಟ್ಟಬೇಡಿ, ಪಟ್ಟಿ ಮುಟ್ಟಿ. "₹5,000 ಆಗಬೇಕಾದರೆ ಬಾಲ್ಕನಿ ಎರಡೂ, ಕಿಟಕಿ ಜಾಲರಿಯೂ ಬಿಡೋಣ" ಎಂದರೆ ಹೆಚ್ಚಿನವರು ₹5,700ಕ್ಕೇ ಮರಳುತ್ತಾರೆ. ಇನ್ನೊಂದು ಮಾತು ಖಂಡಿತ ಬರುತ್ತದೆ: "ನಮ್ಮ ಮನೆಕೆಲಸದವರಿಗೆ ತಿಂಗಳಿಗೇ ಇಷ್ಟು ಕೊಡಲ್ಲ." ಅದಕ್ಕೆ ವಾದ ಬೇಡ. ನಿತ್ಯ ಕಸ-ಮುಸುರೆಯಲ್ಲಿ ಬಾರದ ಕೆಲಸಗಳ ಪಟ್ಟಿಯನ್ನು, ಅಂದರೆ ಕಪಾಟಿನ ಒಳಗು, ಎಕ್ಸಾಸ್ಟ್, ಟ್ರ್ಯಾಕ್, ಗ್ರೌಟ್, ಫೋಟೊ ಸಮೇತ ಕಳಿಸಿ.

ದರವನ್ನು ಯಾವಾಗಲೂ ವಾಟ್ಸ್‌ಆ್ಯಪಿನಲ್ಲಿ ಬರೆದೇ ಕೊಡಿ. ಹೀಗಿರಲಿ:

"ಖಾಲಿ ಟೂ ಬಿಎಚ್‌ಕೆ, ಇಬ್ಬರು, ಬೆಳಿಗ್ಗೆ 9:30ರಿಂದ ಸಂಜೆ 5:30. ಸೇರಿರುವುದು: ಅಡುಗೆಮನೆ ಕಪಾಟು ಒಳ-ಹೊರಗೆ, 2 ಬಾತ್‌ರೂಮ್, 5 ಕಿಟಕಿ ಜಾಲರಿ ಸಹಿತ, 2 ಬಾಲ್ಕನಿ, ನೆಲಕ್ಕೆ ಮೆಷಿನ್. ಸೇರದ್ದು: ಚಿಮಣಿ ಒಳಭಾಗ, ಪೇಂಟ್ ಕಲೆ, ಅಟ್ಟದ ಸಾಮಾನು ಇಳಿಸುವುದು, ಹೊರಗಾಜು. ಗಾಜು ತಿಂದ ಉಪ್ಪುಕಲೆ ಪೂರ್ತಿ ಹೋಗದು. ದರ ₹5,700. ಮುಂಗಡ ₹1,000. ಹಿಂದಿನ ದಿನ ಸಂಜೆ 6ರ ನಂತರ ರದ್ದಾದರೆ ಮುಂಗಡ ಮರಳುವುದಿಲ್ಲ. ನೀರು, ಕರೆಂಟ್, ಗೇಟ್ ಅನುಮತಿ ನಿಮ್ಮದು. ಹೆಚ್ಚುವರಿ ಕೆಲಸ ಒಬ್ಬರಿಗೆ ಗಂಟೆಗೆ ₹300, ಮೊದಲೇ ಕೇಳಿ ಮಾಡುತ್ತೇವೆ."

₹300 ಎಲ್ಲಿಂದ ಬಂತು? ₹225ನ್ನು 0.80ರಿಂದ ಭಾಗಿಸಿದರೆ ₹281, ಅದಕ್ಕೆ ಲಿಕ್ವಿಡ್ ಸೇರಿಸಿದ್ದು. ಸ್ಥಳದಲ್ಲಿ "ಇದೊಂದು ಫ್ರಿಜ್ಜೂ ಒರೆಸಿಬಿಡಿ" ಎಂದಾಗ ತಂಡದವರು ಇಲ್ಲ ಎನ್ನಲು ಮುಜುಗರ ಪಡುತ್ತಾರೆ. ಈ ಸಾಲು ಬರಹದಲ್ಲಿದ್ದರೆ ಫೋನ್ ಮಾಡಿ ಕೇಳಲು ಅವರಿಗೆ ದಾರಿಯಾಗುತ್ತದೆ.

ಮನೆಗೆ ಕಾಲಿಟ್ಟ ಕೂಡಲೇ ಹತ್ತು ನಿಮಿಷದಲ್ಲಿ ಫೋಟೊ ತೆಗೆಯಲಿ: ಸೀಳಿದ ಟೈಲ್ಸ್, ಗೀರಿದ ಗಾಜು, ಸಡಿಲ ನಲ್ಲಿ. ಒಪ್ಪಿದ್ದಕ್ಕಿಂತ ಮನೆ ಬಹಳ ಕೊಳೆಯಾಗಿದ್ದರೆ, ಇಲ್ಲವೇ ಒಳಗೆ ಪೇಂಟರುಗಳೇ ಇನ್ನೂ ಇದ್ದರೆ, ಬಕೆಟ್ ಇಳಿಸುವ ಮುಂಚೆಯೇ ಹೊಸ ದರ ಹೇಳಬೇಕು. ಅರ್ಧ ಉಜ್ಜಿದ ಮೇಲೆ ಹೇಳಿದರೆ ಯಾರೂ ಒಪ್ಪರು. ಸಂಜೆ ಗಿರಾಕಿಯ ಜೊತೆ ಕೋಣೆ ಕೋಣೆ ಸುತ್ತಿ, ತಪ್ಪಿದ್ದನ್ನು ಅಲ್ಲೇ ಸರಿಮಾಡಿ, ಬಾಕಿ ಜಮೆಯಾದ ಮೇಲೆ ಮೆಷಿನ್ನು ಆಟೊ ಹತ್ತಲಿ.

ದರ ಏರಿಸುವುದು

ಪ್ರತಿ ಮನೆಗೂ ಅಂದಾಜು ಗಂಟೆ, ಆದ ಗಂಟೆ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಮೂವತ್ತು ಮನೆ ಆದ ಮೇಲೆ ನೋಡಿದರೆ ಯಾವ ಸಾಲು ಸುಳ್ಳು ಹೇಳುತ್ತಿದೆ ಎಂದು ಕಾಣುತ್ತದೆ. ಬಹುಪಾಲು ಅದು ಅಡುಗೆಮನೆಯೇ ಆಗಿರುತ್ತದೆ. ಹತ್ತು ಜನ ದರ ಕೇಳಿದರೆ ಒಂಬತ್ತು ಜನ ತುಟಿಪಿಟಕ್ಕೆನ್ನದೆ ಒಪ್ಪುತ್ತಿದ್ದಾರೆಂದರೆ ದರ ಕಡಿಮೆಯಾಗಿದೆ. ಹತ್ತಕ್ಕೆ ಇಬ್ಬರೂ ಒಪ್ಪದಿದ್ದರೆ ದರಕ್ಕಿಂತ ಮೊದಲು ನಿಮ್ಮ ಕರೆಗಳು ಯಾವ ಬಡಾವಣೆಯಿಂದ ಬರುತ್ತಿವೆ ನೋಡಿ.

ಕನಿಷ್ಠ ವೇತನದ ತುಟ್ಟಿಭತ್ಯೆ ಏಪ್ರಿಲ್ 1ರಿಂದ ಪರಿಷ್ಕರಣೆಯಾಗುತ್ತದೆ. ನಿಮ್ಮ ವರ್ಷದ ಏರಿಕೆಯೂ ಆಗಲೇ ಇರಲಿ, ಹೇಗೂ ಯುಗಾದಿಯ ಕೆಲಸ ಅದರ ಆಸುಪಾಸಿನಲ್ಲೇ ಬರುತ್ತದೆ. ತಿಂಗಳ ಒಪ್ಪಂದದವರಿಗೆ ಮಾರ್ಚ್ ಮೊದಲ ವಾರದಲ್ಲೇ ಸಂದೇಶ ಹೋಗಲಿ: ಹಳೇ ದರ ಎಷ್ಟು, ಹೊಸದು ಎಷ್ಟು, ಯಾವ ಭೇಟಿಯಿಂದ. ಮುಂಗಡ ಕೊಟ್ಟವರಿಗೆ ಹಳೇ ದರವೇ.